ಕೇಬಲ್ಲಿನ ಮೇಲೆ ಮೂರು ಗೆರೆ

"ಮೂರು ಬೆರಳು ಇಡಿ, ಮಂಟೇಸ್ವಾಮಿಯವ್ರೇ. ಮುಟ್ಟಬೇಡಿ, ಮೇಲೆ ಹಿಡೀರಿ ಸಾಕು."

ಸ್ಪಂದನ ಮೇಡಂ ಹೇಳಿಬಿಟ್ಟರು. ಹೇಳೋದು ಸುಲಭ. ಕೈ ತೂರಿಸಬೇಕಾದವನು ನಾನು, ಅದೂ ಮೊನ್ನೆ ಸೋಮವಾರ ಒಬ್ಬ ಮನುಷ್ಯನನ್ನು ಬಲಿ ತಕೊಂಡ ಕಬ್ಬಿಣದ ಪೆಟ್ಟಿಗೆಯೊಳಕ್ಕೆ. ಕಂಬದ ಮೇಲೆ ಸ್ವಿಚ್ ಎಳೆದಿದೆ, ಅರ್ತ್ ಕೂಡ ಮಾಡಿದೀವಿ ಅಂತ ಲೈನ್‌ಮನ್ ಹೇಳುತ್ತಲೇ ಇದ್ದ. ಹೇಳ್ಲಿ. ಕಳ್ಳರಿಗೆ, ರೌಡಿಗಳಿಗೆ ಹೆದರಿದವನಲ್ಲ ನಾನು. ಕಣ್ಣಿಗೆ ಕಾಣದ ಕರೆಂಟು ಅಂದರೆ ಮಾತ್ರ ಎದೆ ಡವಡವ ಅನ್ನುತ್ತದೆ.

ಮಾದಪ್ಪನನ್ನು ನೆನೆದು ಕೈ ಹಾಕಿದೆ.

ಮಾಂಬಳ್ಳಿ ರಸ್ತೆಯ ಈ ರೇಷ್ಮೆ ದಾರ ಹುರಿ ಮಾಡೋ ಟ್ವಿಸ್ಟಿಂಗ್ ಫ್ಯಾಕ್ಟರಿಯಲ್ಲಿ ಕೇಬಲ್ ಪೆಟ್ಟಿಗೆ ಸಿಡಿದು ವಾಚ್‌ಮನ್ ಪುಟ್ಟಮಾದಯ್ಯ ಸತ್ತಿದ್ದ. ಕೇಬಲ್ ಜೋಡಿಸಿದ್ದ ಹನೂರು ಕಡೆಯ ಮಾದೇವ ನಿನ್ನೆ ಸಂಜೆಯಿಂದ ನಮ್ಮ ಲಾಕಪ್ಪಿನಲ್ಲಿದ್ದ. ಇವತ್ತು ಸಾಯಂಕಾಲದೊಳಗೆ ಅವನನ್ನು ಕೊಳ್ಳೇಗಾಲದ ಕೋರ್ಟಿನಲ್ಲಿ ನಿಲ್ಲಿಸಬೇಕು. ನಿಲ್ಲಿಸಿದರೆ ಮುಗಿಯಿತು, ಇನ್ನು ಯಾವ ಕಂಟ್ರಾಕ್ಟರೂ ಅವನ ಕೈಗೆ ಕೇಬಲ್ ಕೊಡಲ್ಲ.

ನೆಲದಿಂದ ಬಂದ ದಪ್ಪ ಕೇಬಲ್ಲು ಪೆಟ್ಟಿಗೆಯೊಳಗೆ ಮೂರು ಕವಲಾಗಿತ್ತು. ಎಡದ್ದಕ್ಕೆ, ಬಲದ್ದಕ್ಕೆ ಉದ್ದನೆ ಕೆಂಪು ಕವಚ. ಮಸಿ ಹಿಡಿದಿದ್ದರೂ ಕವಚ ಇತ್ತು. ನಡುವಿನದು ಮಾತ್ರ ಬರಿಮೈಯಲ್ಲಿ ನಿಂತಿತ್ತು. ಅದರ ಬಿಳಿ ಮೈ ಒಂದು ಕಡೆ ಸುಟ್ಟು ಸೀಳಿತ್ತು. ಸೀಳದ ಕಡೆ ಮೂರು ಅಡ್ಡ ಗೆರೆ. ಗೆರೆಯಿಂದ ಗೆರೆಗೆ ಸಣ್ಣ ಸಣ್ಣ ಕರಿ ಬೇರುಗಳು ಇಳಿದಿದ್ದವು.

ಮುಟ್ಟದೆ ಹಿಡಿದ ನನ್ನ ಮೂರು ಬೆರಳು ಆ ಮೂರು ಗೆರೆಗೆ ನೇರ ಬಂದವು.

"ಅಯ್ಯೋ ಶಿವನೇ! ಮೇಡಂ, ಇದು ಇಬೂತಿ ಪಟ್ಟೆ!"

"ನಿಮ್ಮ ಹಣೆ ನೋಡಿದಾಗಲೇ ಅನುಮಾನ ಬಂತು. ಸರಿಯಾಗಿ ನೋಡಿ, ಮೂರೂ ಒಂದೇ ಉದ್ದ ಇದಾವಾ?"

ಇರಲಿಲ್ಲ. ಮೇಲಿನದು, ಕೆಳಗಿನದು ನನ್ನ ಬೆರಳಿನಷ್ಟೇ ಉದ್ದ ಬಂದಿದ್ದವು. ನಡುವಿನ ಗೆರೆ ಮೋಟು. ನನ್ನ ನಡುಬೆರಳು ಅದನ್ನು ದಾಟಿ ಎಷ್ಟೋ ಮುಂದೆ ಹೋಗಿತ್ತು. ಉದ್ದದ ಬೆರಳಿನ ಗೆರೆಯೇ ಮೋಟು ಆಗೋದು ಹೆಂಗೆ? ಕೇಳೋಣ ಅಂದುಕೊಂಡೆ. ಮೇಡಂ ಆಗಲೇ ಮಂಡಿಯೂರಿ ಟಾರ್ಚ್ ಬಿಟ್ಟು ಕೇಬಲ್ಲಿನ ಬುಡ ನೋಡುತ್ತಿದ್ದರು.

ನಮ್ಮ ಸಬ್ ಇನ್‌ಸ್ಪೆಕ್ಟರ್ ಕೊಳ್ಳೇಗಾಲದ ನೇಕಾರರ ಮನೆ ಮಗಳು. ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿ ಆಮೇಲೆ ಪೊಲೀಸ್ ಪರೀಕ್ಷೆ ಬರೆದವರು. ಸ್ಟೇಷನ್ನಿನ ಫ್ಯಾನ್ ಕೆಟ್ಟರೆ ತಾವೇ ಬಿಚ್ಚಿ ಕೂರುತ್ತಾರೆ. ಬಂಗಾರದಂಥ ಹುಡುಗಿ. ನಂಗೆ ಅವರ ಮೇಲೆ ಸಿಟ್ಟು ಬರೋದು ಒಂದೇ ವಿಷಯಕ್ಕೆ, ತಲೆ ಓಡೋಕೆ ಶುರುವಾದರೆ ಊಟದ ಹೊತ್ತೇ ಮರೆತುಬಿಡುತ್ತಾರೆ.

"ಕೇಬಲ್ಲಿಗೆ ಒಳಗಡೆ ಒಂದು ಕಪ್ಪು ಚರ್ಮ ಇರುತ್ತೆ. ಕರೆಂಟಿನ ಒತ್ತಡ ಎಲ್ಲಾ ಕಡೆ ಸಮವಾಗಿ ಹರಡೋ ಹಾಗೆ ಅದು ನೋಡ್ಕೊಳ್ಳುತ್ತೆ. ತುದೀಲಿ ಜೋಡಣೆ ಮಾಡೋಕೆ ಆ ಚರ್ಮ ಸುಲೀಲೇಬೇಕು. ಸುಲಿದ ಅಂಚಿನಲ್ಲಿ ಒತ್ತಡ ಎಲ್ಲಾ ಬಂದು ಮುತ್ತಿಕೊಳ್ಳುತ್ತೆ."

"ಕೊಳ್ಳೇಗಾಲ ಬಸ್‌ಸ್ಟ್ಯಾಂಡಲ್ಲಿ ಬಸ್ಸಿನ ಬಾಗಿಲಿಗೆ ಜನ ಮುತ್ತಿಕೊಂಡಂಗೆ ಅನ್ನಿ."

"ಹಾಂ, ಅದೇ. ಆ ಜನಾನ ಕ್ಯೂ ನಿಲ್ಲಿಸೋಕೆ ಅಂತ ಅಂಚಿನ ಮೇಲೆ ಒಂದು ಕವಚ ತೊಡಿಸಿ, ಅದರ ಮೇಲೆ ಈ ಕೆಂಪು ಕವಚ ಬಿಸಿ ಮಾಡಿ ಕೂರಿಸ್ತಾರೆ. ಅದಿಲ್ಲ ಅಂದ್ರೆ ಅಂಚಿನಲ್ಲಿ ಕರೆಂಟು ಗಾಳಿಗೆ ಸೋರೋಕೆ ಶುರುವಾಗುತ್ತೆ. ಇಸ್ಸ್ ಅಂತ ಸದ್ದು ಬರುತ್ತೆ. ದಿನಾ ಒಂಚೂರು ಒಂಚೂರು ತಿನ್ನುತ್ತೆ. ಅದರ ಮೇಲೆ ಬೂದಿ, ಬೂದಿ ಮೇಲೆ ಬೆಳಗಿನ ಇಬ್ಬನಿ. ಈ ಮೂರು ಗೆರೆ ಕರೆಂಟಿಗೆ ಮೆಟ್ಟಿಲಾಯ್ತು."

ಕೆಲಸದ ಹೆಂಗಸರು ಹೇಳಿದ್ದು ನೆನಪಾಯಿತು. ಈ ಪೆಟ್ಟಿಗೆ ಇರೋ ಯಾರ್ಡಿನ ಕಡೆಯಿಂದ ಆಯುಧಪೂಜೆ ಕಳೆದಾಗಿನಿಂದ ಕಾದ ಹೆಂಚಿಗೆ ನೀರು ಚಿಮುಕಿಸಿದ ಹಾಗೆ ಸದ್ದು ಬರುತ್ತಿತ್ತಂತೆ. ಸೋಮವಾರ ಬೆಳಗ್ಗೆ ಮಂಜು ಕವಿದಿತ್ತು. ಪುಟ್ಟಮಾದಯ್ಯ ಪೆಟ್ಟಿಗೆಯ ಎದುರು ಸುಟ್ಟು ಬಿದ್ದಿದ್ದ. ಅವನ ಪಂಚೆ ಸೊಂಟದವರೆಗೂ ಕರಕಲಾಗಿತ್ತು. ಆ ಹೆಣ ಎತ್ತಿದ ಕೈ ಇದೇ. ಎರಡು ದಿನ ನಂಗೆ ಅನ್ನ ಸೇರಲಿಲ್ಲ.

"ಅಲ್ಲಾ ಮೇಡಂ, ಕವಚ ಮಾದೇವನೇ ಹಾಕಿಲ್ಲ ಅಂತ ತಾನೇ ಫ್ಯಾಕ್ಟರಿಯವರು ಕರೆಸಿದ್ದ ಇಂಜಿನಿಯರ್ ಹೇಳಿದ್ದು?"

"ಬುಡ ನೋಡಿ."

ಬುಡದಲ್ಲಿ ಕಂದು ಅಂಟಿನ ಒಂದು ಬಳೆ. ಅದರ ಮೇಲೆ ಕೆಂಪು ಕವಚದ ಸಣ್ಣ ಅಂಚು ಇನ್ನೂ ಕಚ್ಚಿಕೊಂಡಿತ್ತು. ಅಂಚು ನೆಟ್ಟಗೆ ಗೆರೆ ಎಳೆದ ಹಾಗಿತ್ತು.

"ಕವಚ ಹಾಕದೆ ಅಂಟು ಎಲ್ಲಿಂದ ಬರುತ್ತೆ? ಬೆಂಕಿ ಇಷ್ಟು ನೆಟ್ಟಗೆ ಕತ್ತರಿಸುತ್ತಾ? ಮಾದೇವ ಹಾಕಿದ್ದಾನೆ. ಬೇರೆ ಯಾರೋ ಬ್ಲೇಡಿನಲ್ಲಿ ಕುಯ್ದು ತೆಗೆದಿದ್ದಾರೆ. ಇಬೂತಿ ಬಿಳಿ ಮೈ ಮೇಲೇ ಕೂತಿದೆ, ಅಂದ್ರೆ ತೆಗೆದ ಮೇಲೇ ಬಳಿದಿರೋದು."

ಎದೆ ಹಗುರಾಯಿತು. ಮಾದೇವನ ಮುಖ ನೋಡಿದಾಗಿನಿಂದ ನಂಗೆ ಅವನ ಮೇಲೆ ಯಾಕೋ ಕನಿಕರ. ತಪ್ಪು ಮಾಡಿದವನು ಹಂಗೆ ನೆಟ್ಟಗೆ ಕೂರಲ್ಲ.

"ಲೈನ್ ಯಾವಾಗಾದ್ರೂ ಆಫ್ ಮಾಡಿದ್ರಾ?" ಮೇಡಂ ಲೈನ್‌ಮನ್ನನ್ನು ಕೇಳಿದರು.

"ಆಯುಧಪೂಜೆ ದಿನ ಒಂದೇ ಮೇಡಂ. ಯಾರ್ಡ್ ತೊಳೀಬೇಕು, ಹೂವ ಕಟ್ಬೇಕು ಅಂತ ಕೇಳ್ಕೊಂಡಿದ್ರು. ಬೆಳಗ್ಗೆ ಎಳುದ್ವಿ, ಪೂಜೆ ಮುಗುದ್ಮೇಲೆ ಬಿಟ್ವಿ."

"ಸರಿ ಬಿಡಿ ಮೇಡಂ," ಅಂದೆ. "ಕುಯ್ದವನೇ ಪೂಜೆನೂ ಮಾಡವ್ನೆ. ಪಾಪಭೀತಿ ಇರೋ ಕಳ್ಳ."

"ಪೂಜೆ ಮಾಡೋರು ಮೂರಕ್ಕೂ ಹಚ್ಚಲ್ವಾ? ನಡುವಿನ ಒಂದಕ್ಕೇ ಯಾಕೆ?"

ಗುರ್ ಅಂತ ಉತ್ತರ ಕೊಟ್ಟಿದ್ದು ನನ್ನ ಹಸಿದ ಹೊಟ್ಟೆ.

*

ಫ್ಯಾಕ್ಟರಿ ವಸಂತಮ್ಮನ ಹೆಸರಿನಲ್ಲಿದೆ. ನಡೆಸೋದು ತಮ್ಮ ಶಿವಪ್ರಕಾಶ್. ಮಷಿನ್‌ಗಳೆಲ್ಲ ನಿಂತು ಶೆಡ್ಡು ಬಿಕೋ ಅನ್ನುತ್ತಿತ್ತು. ಅವರ ರೂಮಿನಲ್ಲಿ ಮಾತ್ರ ಊದುಬತ್ತಿ ಉರಿಯುತ್ತಿತ್ತು. ಶಿವಪ್ರಕಾಶ್ ಹಣೆಯ ಮೇಲೆ ಒಪ್ಪವಾಗಿ ಮೂರು ಪಟ್ಟೆ.

"ಬನ್ನಿ ಮೇಡಂ, ಟೀ ತರಿಸ್ತೀನಿ. ಪಾಪ, ಪುಟ್ಟಮಾದಯ್ಯ. ನಮ್ಮಪ್ಪನ ಕಾಲದಿಂದ ಇದ್ದೋನು."

"ಟೀ ಬೇಡ," ಅಂದರು ಮೇಡಂ. ಬೇಕಿತ್ತು. ನನ್ನನ್ನು ಯಾರು ಕೇಳ್ತಾರೆ?

"ಸೋಮವಾರ ಬೆಳಗ್ಗೆ ಎಲ್ಲಿದ್ರಿ?"

"ಕೊಳ್ಳೇಗಾಲದ ಮನೇಲಿ. ಫೋನ್ ಬಂತು, ಓಡಿ ಬಂದೆ. ಅಷ್ಟೊತ್ತಿಗೆ ನಿಮ್ಮೋರು ಹೆಣ ತಗೊಂಡು ಹೋಗಿದ್ರು. ಮುಖ ನೋಡೋಕೂ ಸಿಗ್ಲಿಲ್ಲ."

"ಆ ಪೆಟ್ಟಿಗೆಯ ಬೀಗದ ಕೀ?"

ಅವರು ಪ್ಯಾಂಟಿನ ಜೇಬಿಗೆ ಕೈ ಹಾಕಿ ಮೇಜಿನ ಮೇಲೆ ಇಟ್ಟರು. ಹಿತ್ತಾಳೆಯ ಸಣ್ಣ ಕೀ. ಅದಕ್ಕೆ ಗಿಳಿಹಸಿರು, ಹಳದಿ ರೇಷ್ಮೆ ಎಳೆಗಳ ಒಂದು ಕುಚ್ಚು. ಸೆರಗಿಗೆ ಹಾಕೋ ಕುಚ್ಚಿನ ಹಾಗೆ ಅಚ್ಚುಕಟ್ಟಾಗಿತ್ತು.

"ಇದೊಂದೇ ಕೀ. ಮಾದೇವ ಕೆಲಸ ಮುಗಿಸಿದ ಮೇಲೆ ಹೊಸ ಬೀಗ ಹಾಕಿಸ್ದೆ. ಅವತ್ತಿಂದ ಇದು ನನ್ನ ಜೇಬು ಬಿಟ್ಟು ಹೋಗಿಲ್ಲ."

ಮೇಡಂ ಕವರಿನಿಂದ ಬೀಗ ತೆಗೆದರು. ಹೆಣದ ಪಕ್ಕ ಸಿಕ್ಕಿದ ಬೀಗ ಅದು, ಬಾಯಿ ತೆರೆದುಕೊಂಡೇ ಬಿದ್ದಿತ್ತು.

"ಮತ್ತೆ ಇದು ಹೇಗೆ ತೆರೀತು?"

"ಸಿಡಿತಕ್ಕೆ ಬಿಚ್ಕೊಂಡಿರಬೇಕು."

ಮೇಡಂ ಬೀಗ ಒತ್ತಿದರು. ಟಕ್ ಅಂತ ಕೂತಿತು. ಕೀ ಹಾಕಿ ತಿರುಗಿಸಿದರು. ಬೆಣ್ಣೆಯ ಹಾಗೆ ತೆರೆಯಿತು.

"ಸಿಡಿತಕ್ಕೆ ಕಿತ್ತು ಬಂದ ಬೀಗ ಹೀಗೆ ಕೆಲಸ ಮಾಡಲ್ಲ ಶಿವಪ್ರಕಾಶ್. ಇದನ್ನ ಯಾರೋ ಕೀ ಹಾಕಿಯೇ ತೆಗೆದಿದ್ದಾರೆ. ಕೀ ನಿಮ್ಮ ಜೇಬಿನಲ್ಲಿತ್ತು ಅಂತೀರ."

ಶಿವಪ್ರಕಾಶ್ ನಕ್ಕರು. ಬೆವರಲಿಲ್ಲ, ದನಿ ಏರಿಸಲಿಲ್ಲ. ಹಂಗೆ ನಗೋರನ್ನು ಕಂಡರೆ ನಂಗೆ ಮೈಯೆಲ್ಲಾ ಉರಿಯುತ್ತದೆ.

"ನಾನು ಕರೆಂಟಿನ ತಂಟೆಗೆ ಹೋಗೋನಲ್ಲ ಮೇಡಂ. ಮಾದೇವನ ಹತ್ರ ಎಂಥೆಂಥ ಉಪಕರಣ ಇರುತ್ತೋ ಯಾರಿಗೆ ಗೊತ್ತು? ಬೀಗ ತೆಗೆಯೋದು ಅವನಿಗೆ ದೊಡ್ಡ ವಿಷಯಾನಾ?"

"ಮಷಿನ್‌ಗಳನ್ನ ಕೊಳ್ಳೇಗಾಲಕ್ಕೆ ಸಾಗಿಸಬೇಕು ಅಂತ ನೀವು, ಆಗಲ್ಲ ಅಂತ ನಿಮ್ಮ ಅಕ್ಕ. ಬಹಳ ದಿನದಿಂದ ಜಗಳ ಅಂತೆ?"

"ಜಗಳ ಏನಿಲ್ಲ. ಅಕ್ಕನಿಗೆ ಈ ಊರು ಅಂದ್ರೆ ಪ್ರೀತಿ. ಇಲ್ಲಿನ ಹೆಂಗಸರಿಗೆ ಕೆಲಸ ಹೋಗುತ್ತೆ ಅಂತ ಅಳ್ತಿದ್ರು."

"ಈಗ?"

"ಈಗ ಒಪ್ಪಿದ್ದಾರೆ. ಇಷ್ಟಾದ ಮೇಲೆ ಇಲ್ಲಿ ಹೆಂಗೆ ನಡೆಸೋಕಾಗುತ್ತೆ ಹೇಳಿ."

ಊದುಬತ್ತಿಯ ಬೂದಿ ಮೇಜಿನ ಮೇಲೆ ಉದುರಿತು. ಅದನ್ನು ಅವರು ಬೆರಳಲ್ಲಿ ಒರೆಸಿದರು. ನಾನು ಅದನ್ನೇ ಕಾಯುತ್ತಿದ್ದೆ. ಐದು ಬೆರಳೂ ನೆಟ್ಟಗಿದ್ದವು. ನಡುಬೆರಳು ಎಲ್ಲಕ್ಕಿಂತ ಉದ್ದ, ಹಣೆಯ ಮೇಲೆ ನಡುವಿನ ಪಟ್ಟೆಯೂ ಉದ್ದ. ಥೂ, ನನ್ನ ಕರ್ಮ! ಕೈಗೆ ಬಂದ ಮೀನು ಜಾರಿದ ಹಾಗಾಯಿತು.

ಮೇಡಂ ಕೀ, ಬೀಗ ಎರಡನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡರು.

"ಇದು ನಮ್ಮ ಹತ್ರ ಇರ್ಲಿ."

"ಧಾರಾಳವಾಗಿ," ಅಂದರು ಶಿವಪ್ರಕಾಶ್.

*

ಅಗರ ದಾಟಿ ಸ್ಟೇಷನ್ ಕಡೆ ಹೊರಟೆವು. ದಾರಿಯಲ್ಲಿ ಇಡ್ಲಿ ಹೋಟೆಲ್ಲು ಬಂತು, ಹೋಯಿತು.

ಜಗಲಿಯ ಮೇಲೆ ಮಾದೇವನ ಹೆಂಡತಿ ಜಡೆಮ್ಮ ಟಿಫಿನ್ ಕ್ಯಾರಿಯರ್ ಇಟ್ಟುಕೊಂಡು ಕೂತಿದ್ದಳು. ಅದೇ ಫ್ಯಾಕ್ಟರಿಯಲ್ಲಿ ದಾರ ಹುರಿ ಮಾಡೋ ಕೆಲಸ ಅವಳದು. ಬೆಳಗ್ಗೆ ಹೊರಟಾಗ ಹೆಂಗೆ ಕೂತಿದ್ದಳೋ ಹಂಗೇ ಇದ್ದಳು. ನಮ್ಮನ್ನು ನೋಡಿ ಎದ್ದು ನಿಂತಳು.

ಮಾದೇವ ಗೋಡೆಗೆ ಒರಗಿ ಕೂತಿದ್ದ. ಹಿಡಿದು ತಂದಾಗಿನಿಂದ ಅವನದು ಒಂದೇ ಮಾತು, "ನನ್ ಕೆಲ್ಸ ಸರ್ಯಾಗದೆ ಸಾ." ಅದನ್ನು ಬಿಟ್ಟು ಬೇರೆ ಮಾತೇ ಇಲ್ಲ.

"ನಿನ್ನ ಕೆಲಸ ಸರಿಯಾಗೇ ಇದೆ ಮಾದೇವ," ಮೇಡಂ ಹೇಳಿದರು. ಅವರ ದನಿಯಲ್ಲಿ ಸಂತೋಷ ಇತ್ತು. "ಅಂಟು ಹಂಗೇ ಇದೆ. ನಿನ್ನ ಕವಚಾನ ಯಾರೋ ಕುಯ್ದಿದ್ದಾರೆ. ನೀನು ಇನ್ನು ಹೆದರಬೇಡ."

ಮಾದೇವ ಎದ್ದು ಕಂಬಿ ಹಿಡಿದ. ಅವನ ಕಣ್ಣು ತುಂಬಿತು. "ಗೊತ್ತಿತ್ತು ಮೇಡಮ್ಮೋರೆ. ನಾನ್ ಅಂಗೆಲ್ಲಾ ಅರ್ದಂಬರ್ದ ಬುಡೋನಲ್ಲ."

"ಕುಯ್ದವರು ಇದನ್ನೂ ಬಳಿದಿದ್ದಾರೆ. ಯಾರಿರಬಹುದು ಹೇಳು."

ಮೇಡಂ ಮೊಬೈಲಿನಲ್ಲಿ ಮೂರು ಗೆರೆಯ ಫೋಟೋ ತೋರಿಸಿದರು. ಮಾದೇವ ಬಗ್ಗಿ ನೋಡಿದ. ಬೆರಳಲ್ಲಿ ಫೋಟೋ ದೊಡ್ಡದು ಮಾಡಿದ. ನಡುವಿನ ಮೋಟು ಗೆರೆಯ ಮೇಲೆ ಅವನ ಬೆರಳು ನಿಂತುಬಿಟ್ಟಿತು. ಅವನ ಮುಖದಲ್ಲಿ ಇದ್ದ ಕಳೆ ನನ್ನ ಕಣ್ಣೆದುರಿಗೇ ಇಳಿದು ಹೋಯಿತು.

ಮೊಬೈಲು ವಾಪಸ್ ಕೊಟ್ಟ.

"ನಂದೇ ತಪ್ಪು ಮೇಡಮ್ಮೋರೆ. ಕವಚ ನಾನೇ ಕುಯ್ದೆ. ಬರ್ಕಳಿ. ಕೋಲ್ಟ್‌ಗೆ ಓಗವ ನಡೀರಿ."

"ಲೇ ಮಾದೇವ!" ನಂಗೆ ರೇಗಿ ಹೋಯಿತು. "ತಲೆಗಿಲೆ ಕೆಟ್ಟದೇನ್ಲಾ? ಬೆಳಗ್ಗಿಂದ ಹೊಟ್ಟೆಗಿಲ್ಲದೆ ನಿನ್ನ ಬಿಡಿಸೋಕೆ ನಾವು ಒದ್ದಾಡ್ತಿದ್ರೆ, ನೀನು ಬರ್ಕಳಿ ಅಂತೀಯಲ್ಲ!"

"ನೀವ್ ಉಣ್ಣೋಗಿ ಸಾ. ನಂದೇ ತಪ್ಪು."

ಮೇಡಂ ಅವನನ್ನೇ ನೋಡುತ್ತಾ ನಿಂತರು. ಅವನು ಗೋಡೆಯ ಕಡೆ ತಿರುಗಿ ಕೂತ.

ನಾನು ಸಿಟ್ಟಿನಲ್ಲಿ ಜಗಲಿಗೆ ಬಂದೆ. ಜಡೆಮ್ಮ ಕ್ಯಾರಿಯರ್ ಎತ್ತಿಕೊಂಡು ಹತ್ತಿರ ಬಂದಳು.

"ಅಣ್ಣಾ, ಇದ ಅವ್ರಿಗೆ ಕೊಟ್ಬುಡಿ. ರಾಗಿಮುದ್ದೆ ಅದೆ, ಉಳ್ಳಿಕಾಳ್ ಸಾರು ಅದೆ. ನಿಮ್ಗೂ ಆಗೋವಷ್ಟು ತಂದಿವ್ನಿ. ನೀವೂ ಏನೂ ತಿಂದಂಗಿಲ್ಲ, ಮೊಕ ಬಾಡೋಗದೆ."

ಬೆಳಗ್ಗಿಂದ ನನ್ನ ಹೊಟ್ಟೆಯನ್ನು ಕೇಳಿದ್ದು ಇವಳೊಬ್ಬಳೇ. ಕೈ ಚಾಚಿದೆ. ಕ್ಯಾರಿಯರಿನ ಹಿಡಿ ಹಿಡಿದಿದ್ದ ಅವಳ ಬಲಗೈ ನೋಡಿದೆ. ನಾಲ್ಕು ಬೆರಳು ಹಿಡಿಯನ್ನು ಸುತ್ತಿದ್ದವು. ನಡುಬೆರಳು ಅರ್ಧಕ್ಕೇ ನಿಂತಿತ್ತು. ಮೇಲಿನ ಗೆಣ್ಣೇ ಇರಲಿಲ್ಲ.

"ಬೆರಳಿಗೆ ಏನಾಯ್ತವ್ವಾ?"

"ಇದಾ? ಮಷಿನ್ ಬೆಲ್ಟ್‌ಗೆ ಸಿಕ್ಕಂತು ಅಣ್ಣಾ, ಸೇರ್ಕಂಡ್ ಒಸ್ದರಲ್ಲಿ."

ನೋಡಬಾರದಿತ್ತು ಅನ್ನಿಸಿತು. ನಿಜ ಹೇಳ್ತೀನಿ, ಆ ಕ್ಷಣ ನಾನು ಪೊಲೀಸೇ ಆಗಿರಬಾರದಿತ್ತು ಅನ್ನಿಸಿತು. ಸುಮ್ಮನೆ ಕ್ಯಾರಿಯರ್ ಇಸಕೊಂಡು ಒಳಗೆ ಹೋಗಿಬಿಡೋಣ, ಕಂಡೂ ಕಾಣದ ಹಾಗೆ ಇದ್ದುಬಿಡೋಣ ಅಂತ ತಿರುಗಿದೆ. ಬಾಗಿಲಲ್ಲಿ ಮೇಡಂ ನಿಂತಿದ್ದರು. ಅವರ ಕಣ್ಣು ಅವಳ ಕೈ ಮೇಲೇ ಇತ್ತು.

"ಕೂತ್ಕೊಳ್ಳಿ ಜಡೆಮ್ಮ," ಅಂದರು ಮೆಲ್ಲಗೆ. ತಾವೂ ಜಗಲಿಯ ಮೇಲೆ ಪಕ್ಕದಲ್ಲೇ ಕೂತರು. "ಆಯುಧಪೂಜೆ ದಿನ ಆ ಪೆಟ್ಟಿಗೆ ಹತ್ರ ಹೋಗಿದ್ರಾ?"

ಜಡೆಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಟ್ಟಳು.

"ಓಗಿದ್ದೆ ಕನವ್ವ. ಎಲ್ಲಾ ಅವ್ರವ್ರ ಮಷಿನ್ಗೆ ಪೂಜೆ ಮಾಡುದ್ರು. ನಾನೂವೆ ಮಾಡ್ದೆ. ನಮ್ಮೋರ್ ಮಾಡಿರ ಕೆಲ್ಸುಕ್ಕೆ ಒಂದ್ ಚೂರು ಇಬೂತಿನೂ ಇಲ್ವಾ ಅಂತ ಜೀವ ತಡೀನಿಲ್ಲ. ಕಂಬದಲ್ಲಿ ಕರೆಂಟ್ ಎಳ್ದವ್ರೆ, ಏನೂ ಆಗಾಕಿಲ್ಲ ಅಂತ ಎಲ್ರೂ ಅಂತಿದ್ರಲ್ಲ."

"ನಡುವಿನ ಒಂದಕ್ಕೇ ಯಾಕೆ ಹಚ್ಚಿದ್ರಿ?"

"ಎರಡು ಕೆಂಪ್ ಅಂಗಿ ಆಕಂಡಿದ್ವು. ನಡೂದು ಬರಿಮೈಲಿ ನಿಂತಿತ್ತು. ನಮ್ಮೋರು ಆಕೋದ ಮರ್ತವ್ರೆ ಅನ್ಕಂಡೆ." ಅವಳ ದನಿ ಒಡೆಯಿತು. "ಯಾರ್ಗಾರ ಯೋಳುದ್ರೆ ಅವ್ರ ಮರ್ವಾದಿ ಓಯ್ತದೆ. ಅವ್ರ್ಗೇ ಯೋಳುದ್ರೆ ನೊಂದ್ಕತರೆ. ಅದ್ಕೇ ಅದೊಂದುಕ್ಕೇ ಬಳ್ದು, ಮಾದಪ್ಪ, ನೀನೇ ಕಾಯಪ್ಪ ಅಂತ ಕೈ ಮುಕ್ಕಂಡ್ ಬಂದೆ. ತಪ್ಪು ಅವ್ರ್ದೇಯ ಅಂತ ಇಷ್ಟ್ ದಿನ ಬಾಯ್ ಬುಡ್ನಿಲ್ಲ ಕನವ್ವ."

ಒಳಗೆ ಅವನು ಇವಳನ್ನು ಉಳಿಸೋಕೆ ಜೈಲಿಗೆ ಹೊರಟಿದ್ದ. ಹೊರಗೆ ಇವಳು ಅವನ ತಪ್ಪು ಮುಚ್ಚೋಕೆ ಬಾಯಿ ಹೊಲಿದುಕೊಂಡು ಕೂತಿದ್ದಳು. ಇಬ್ಬರದೂ ತಪ್ಪಲ್ಲ.

"ಜಡೇ!" ಒಳಗಿನಿಂದ ಮಾದೇವ ಕೂಗಿದ. "ಏನೂ ಯೋಳ್ಬ್ಯಾಡ ಕನೇ! ಸುಮ್ಕೆ ಊರ್ಗೋಗು!"

ಮೇಡಂ ತಿರುಗಿ ನೋಡಲಿಲ್ಲ. "ಅವರು ಮರೆತಿಲ್ಲ ಜಡೆಮ್ಮ. ಮೂರಕ್ಕೂ ಹಾಕಿದ್ರು. ಅವತ್ತು ಬೆಳಗ್ಗೆ ನಿಮಗಿಂತ ಮುಂಚೆ ಬಂದು ಯಾರೋ ಕುಯ್ದಿದ್ದಾರೆ."

ಜಡೆಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಾಗಲಿಲ್ಲ. "ಮರ್ತಿರ್ನಿಲ್ವಾ? ನಮ್ಮೋರು ಮರ್ತಿರ್ನಿಲ್ವಾ?"

"ಇಲ್ಲ. ಈಗ ಇದು ಹೇಳಿ, ಪೆಟ್ಟಿಗೆ ಬೀಗ ನಿಮಗೆ ಯಾರು ತೆಗೆದುಕೊಟ್ರು?"

"ಪುಟ್ಟಮಾದಯ್ಯಣ್ಣ."

ನಾನು ಮೇಡಂ ಮುಖ ನೋಡಿದೆ. ಸತ್ತವನ ಹೆಸರು.

"ಅವನ ಹತ್ರ ಕೀ ಎಲ್ಲಿತ್ತು? ಕೀ ಒಂದೇ, ಅದು ಮಾಲೀಕರ ಜೇಬಿನಲ್ಲೇ ಇತ್ತಂತಲ್ಲ?"

"ಯಾರಂದವ್ರು? ಕೀ ಯಾವಾಗ್ಲೂ ಅಣ್ಣನ ಸೊಂಟದಲ್ಲೇ ಇರದು. ಉಡುದಾರುಕ್ಕೆ ಕಟ್ಕಂಡಿರನು."

ಮೇಡಂ ಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದು ಅವಳ ಮಡಿಲಲ್ಲಿ ಇಟ್ಟರು. ಜಡೆಮ್ಮ ಬಗ್ಗಿ ನೋಡಿದಳು. ಮೋಟು ಬೆರಳಲ್ಲಿ ಕವರಿನ ಮೇಲಿಂದಲೇ ಹಸಿರು ಹಳದಿ ಕುಚ್ಚು ಸವರಿದಳು.

"ಇದೇಯ! ಈ ಕುಚ್ಚ ನಾನೇ ಕಟ್ಕೊಟ್ಟಿದ್ದು ಅಣ್ಣುಂಗೆ, ವೇಸ್ಟ್ ದಾರದಲ್ಲಿ. ಬಾನ್ವಾರ ಸಂದೇಲಿ ನಾನ್ ಮನೆಗೊಂಟಾಗ್ಲೂವೆ ಅವ್ನ ಸೊಂಟದಲ್ಲಿ ನೇತಾಡ್ತಿತ್ತು, ತಮಾಸೆ ಮಾಡ್ದೆ. ಎಲ್ ಸಿಕ್ತವ್ವಾ ಇದು?"

ಮೇಡಂ ಕವರನ್ನು ಎತ್ತಿ ಬೆಳಕಿಗೆ ಹಿಡಿದರು. ಕುಚ್ಚನ್ನು ಆ ಕಡೆ ಈ ಕಡೆ ತಿರುಗಿಸಿದರು.

"ಮಂಟೇಸ್ವಾಮಿಯವ್ರೇ, ಪುಟ್ಟಮಾದಯ್ಯನ ಪಂಚೆ ಎಲ್ಲಿವರೆಗೆ ಸುಟ್ಟಿತ್ತು?"

"ಸೊಂಟದವರೆಗೂ ಮೇಡಂ. ಉಡುದಾರ ಕೂಡ ಕರಗಿ ಹೋಗಿತ್ತು. ನಾನೇ ಎತ್ತಿದ್ದು."

"ಇಲ್ಲಿ ನೋಡಿ."

ನೋಡಿದೆ. ಗಿಳಿಹಸಿರು, ಹಳದಿ. ಕುಚ್ಚಿನ ಒಂದು ಎಳೆಯೂ ಸುಟ್ಟಿರಲಿಲ್ಲ, ಒಂದು ಎಳೆಗೂ ಮಸಿ ಹತ್ತಿರಲಿಲ್ಲ.

"ಹೆಣದ ಮೇಲಿಂದ ತೆಗೆದ ಕೀ ಅಲ್ಲ ಇದು," ಅಂದರು ಮೇಡಂ. "ಪೆಟ್ಟಿಗೆ ಸಿಡಿಯೋಕೆ ಮುಂಚೆ, ಬದುಕಿದ್ದ ಪುಟ್ಟಮಾದಯ್ಯನ ಕೈಯಿಂದ ಇಸ್ಕೊಂಡಿದ್ದು. ಕೊಳ್ಳೇಗಾಲದ ಮನೇಲಿದ್ದೆ ಅಂದ ಶಿವಪ್ರಕಾಶ್ ಅವನು ಸಾಯೋಕೆ ಮುಂಚೆಯೇ ಇಲ್ಲಿಗೆ ಬಂದಿದ್ರು."